ಯಾರ ತಾಯಿ ಇಟ್ಟ ಹೆಸರು

ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಆಗಲೇ ಹೆಸರಿನ ಸಲುವಾಗಿ ಲಂಡನ್ನಿನ ಹೇಸ್‌ ಬಡಾವಣೆಯ ಆ ಮನೆಯಲ್ಲಿ ದಿನಾ ಒಂದು ಜಗಳ ನಡೆಯುತ್ತಿತ್ತು.

ಗುರುದೇವಿಯ ಮಗಳು ಅಂಕಿತಾ ಬಾಣಂತನಕ್ಕೆಂದು ಪಿನ್ನರ್‌ನ ತನ್ನ ಫ್ಲ್ಯಾಟ್ ಬಿಟ್ಟು ತವರಿಗೆ ಬಂದಿದ್ದಳು. ಗುರುದೇವಿ ಶಾಲೆಯ ಅಡುಗೆಮನೆಯ ಕೆಲಸಕ್ಕೆ ರಜೆ ಹಾಕಿದ್ದಳು. ಬೆಳಿಗ್ಗೆ ಎದ್ದು ಮಗಳಿಗೆ ಅಳವಿ ಬೀಜದ ಪಾಯಸ, ಆಮೇಲೆ ಕೂಸಿಗೆ ಎಣ್ಣೆ ತಿಕ್ಕಿ ಎರೆಯುವುದು, ಅಷ್ಟರಲ್ಲಿ ಸಜ್ಜಿ ರೊಟ್ಟಿಯ ಹೊತ್ತು. ಎರೆದ ಕೂಸಿಗೆ ಲೋಬಾನದ ಹೊಗೆ ಹಿಡಿದರೆ ಹಾಲ್‌ನ ಸ್ಮೋಕ್ ಅಲಾರಾಂ ಕಿರುಚಿಕೊಳ್ಳುತ್ತಿತ್ತು. ಆಗ ಗಂಡ ಬಸವಂತಪ್ಪ ವೇರ್‌ಹೌಸಿನ ಪಾಳಿ ಮುಗಿಸಿ ಬಂದ ದಣಿವಿನಲ್ಲೇ ಕುರ್ಚಿ ಹತ್ತಿ, ಟವೆಲ್ ಬೀಸಿ ಅದರ ಬಾಯಿ ಮುಚ್ಚಿಸಬೇಕು.

“ಈ ದೇಶದಾಗ ಹೊಗಿಗೂ ಪರ್ಮಿಟ್ ಬೇಕೇನೋ,” ಎಂದು ಅವನ ತಾಯಿ ಚನ್ನಬಸವ್ವ ಸೋಫಾದ ಮೇಲೆ ಕೂತಲ್ಲಿಂದಲೇ ಗೊಣಗುವಳು. ಆ ಗೊಣಗಾಟದ ಕೊನೆಗೆ ಹೆಸರಿನ ಮಾತು ಬಂದೇ ಬರುತ್ತಿತ್ತು.

“ನಮ್ಮವರ ಹೆಸರು ಇಡ್ರಿ. ನಾ ಇನ್ನೇನೂ ಕೇಳೂದಿಲ್ಲ.”

“ಯಾವ ಹೆಸರಜ್ಜಿ? ಒಮ್ಮೆ ಹೇಳು, ಕೇಳೋಣ,” ಎಂದು ಅಂಕಿತಾ ಕೆಣಕುವಳು. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಚನ್ನಬಸವ್ವ ಅವನ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ.

“ನಿಮ್ಮಪ್ಪನ್ನ ಕೇಳ ಹೋಗ, ಭಾಳ ಶಾಣ್ಯಾಕಿ!”

ಅಂಕಿತಾಳ ಗಂಡ ಲೂಕಾನ ಆಸೆಯೇ ಬೇರೆ. ಲೂಕಾ ಹುಟ್ಟಿದ್ದು ಲಂಡನ್ನಿನಲ್ಲೇ, ಮೂಲ ಕ್ರೊಯೇಶಿಯಾದ ಕ್ಯಾಥೊಲಿಕ್ ಮನೆತನ. ನೆಲದಡಿಯ ಟ್ಯೂಬ್ ರೈಲಿನ ಸಿಗ್ನಲ್ ವಿಭಾಗದಲ್ಲಿ ಇಂಜಿನಿಯರ್. ತಂದೆ ತಾಯಿ ಬೇರೆಯಾಗಿ ಆಳಿಗೊಂದು ದಿಕ್ಕು ಹಿಡಿದಾಗ ಅವನನ್ನು ಸಾಕಿದವರು ಅಜ್ಜ ಆಂಟುನ್ ಬಾಬಿಚ್, ಅಜ್ಜಿ ಕಾತಾ. ಸೈಕಲ್ ಕಲಿಸಿದ್ದು ಅಜ್ಜ, ಹರಿದ ಶೂ ಹೊಲಿದುಕೊಟ್ಟಿದ್ದು ಅಜ್ಜ, ಭಾನುವಾರ ಕೈಹಿಡಿದು ಚರ್ಚಿಗೆ ಕರೆದೊಯ್ದಿದ್ದು ಅಜ್ಜ. ಲೂಕಾ ಕಾಲೇಜಿನಲ್ಲಿದ್ದಾಗ ಅಜ್ಜ ತೀರಿಕೊಂಡಿದ್ದ. ಮಹಾಯುದ್ಧ ಮುಗಿದಾಗ ಇಟಲಿಯ ನಿರಾಶ್ರಿತರ ಕ್ಯಾಂಪಿನಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಹುಡುಗ ಆಂಟುನ್‌ಗೆ ಅಲ್ಲಿನ ಒಬ್ಬ ಫಾದರ್ ಕಾಗದಪತ್ರ ಮಾಡಿಸಿ, ಕೂಲಿಯಾಳು ಬೇಕಾಗಿದ್ದ ಇಂಗ್ಲೆಂಡಿಗೆ ಹಡಗು ಹತ್ತಿಸಿದ ಕಥೆಯನ್ನು ಲೂಕಾ ತನ್ನ ಮದುವೆಯ ಭಾಷಣದಲ್ಲೂ ಹೇಳಿದ್ದ. ಕೇಳಿ ಗುರುದೇವಿಯ ಕಣ್ಣು ಒದ್ದೆಯಾಗಿದ್ದವು.

ಕೊನೆಗೆ ಅತ್ತೆಯನ್ನು ಒಲಿಸಿದವಳು ಗುರುದೇವಿಯೇ. ಒಂದು ಮಧ್ಯಾಹ್ನ ಬಿಸಿ ರೊಟ್ಟಿ ತಟ್ಟೆಗೆ ಹಾಕುತ್ತ ಮೆಲ್ಲಗೆ ಕೇಳಿದಳು.

“ಅತ್ತೀ, ಇವರಿಗೆ ಬಸವಂತಪ್ಪ ಅಂತ ಯಾರ ಹೆಸರ ಇಟ್ರಿ? ನಿಮ್ಮ ಅಪ್ಪಾರದೇನು?”

“ಹುಚ್ಚಿ, ನಮ್ಮ ಮಾವನವರದು. ಮೊದಲನೇ ಗಂಡಿಗೆ ತಂದಿ ಮನೀ ಹಿರೇರ ಹೆಸರ ಇಡೂದು ನಮ್ಮ ಕಡೀ ಪದ್ಧತಿ.”

“ಹಂಗಾರ ಈ ಕೂಸಿಗೂ ತಂದಿ ಮನೀ ಹಿರೇರ ಹೆಸರ ಬರಬೇಕಲ್ರಿ.”

ಚನ್ನಬಸವ್ವ ಬಾಯಿಗೆ ಒಯ್ದ ತುತ್ತು ಅಲ್ಲೇ ನಿಂತಿತು. ಸೊಸೆಯನ್ನು ದಿಟ್ಟಿಸಿ ನೋಡಿದಳು. “ರೊಟ್ಟಿ ಕೊಟ್ಟು ಕುತ್ತಿಗಿ ಹಿಡದಿ ನೋಡು. ಆಗಲಿ. ಆಂಟೂನಪ್ಪ ಅಂದ್ರ ಆಂಟೂನಪ್ಪ. ಆದ್ರ ಹಿರೇರ ಹೆಸರ ಹಿಡದು ಕೂಸಿನ್ನ ಬಯ್ಯಾಕ ಬರೂದಿಲ್ಲ. ನಾಳಿ ಅಂಕಿ ‘ಲೇ ಆಂಟುನ್, ಹಾಲು ಕುಡಿ’ ಅಂದ್ರ ಅದು ಹಿರೇರಿಗೆ ಅಂದಂಗ. ಅವರನ್ನ ಸಣ್ಣಾವರಿದ್ದಾಗ ಅವರವ್ವ ಏನಂತ ಕರೀತಿದ್ಳು ಕೇಳಿಕೊಂಡ ಬಾ. ಮನ್ಯಾಗ ಅದ ಹೆಸರಲೆ ಕರಿಯೂಣು.”

ಅಂದು ಸಂಜೆ ಲೂಕಾ ಬಂದಾಗ ಅಂಕಿತಾ ಸುದ್ದಿ ಹೇಳಿದಳು. ಅವನು ಚನ್ನಬಸವ್ವನ ಎರಡೂ ಕೈ ಹಿಡಿದು, ತನಗೆ ಬರುವ ನಾಲ್ಕಾರು ಕನ್ನಡ ಪದಗಳಲ್ಲಿ ಎರಡನ್ನು ಆಡಿದ. “ಅಜ್ಜಿ, ಭಾಳ ಛಲೋ.”

“ಕೈ ಬಿಡಪಾ ಲೂಕಪ್ಪ, ಕಾಫಿ ಚೆಲ್ತೈತಿ,” ಎಂದಳು ಮುದುಕಿ. ಮುಖ ಮಾತ್ರ ಅರಳಿತ್ತು.

ಮರುದಿನ ಗುರುದೇವಿ ಅಂಟಿನ ಉಂಡಿಯ ಡಬ್ಬಿ ಹಿಡಿದು ಪಿನ್ನರ್‌ಗೆ ಹೋದಳು. ಕಾತಾ ಇದ್ದದ್ದು ವಯಸ್ಸಾದವರಿಗೆಂದು ಕಟ್ಟಿದ ಮನೆಗಳಲ್ಲಿ, ಎರಡನೆಯ ಮಹಡಿ. ತೊಂಬತ್ತು ದಾಟಿದ್ದರೂ ಲಿಫ್ಟಿನ ಬಾಗಿಲಿಗೇ ಬಂದು ನಿಂತಿದ್ದಳು. ಗೋಡೆಯ ಮೇಲೆ ಶಿಲುಬೆ, ಅದರ ಕೆಳಗೆ ಸೂಟು ತೊಟ್ಟ ಆಂಟುನ್‌ನ ಫೋಟೊ.

“ಇದು ತಿನ್ನಲಿಕ್ಕೋ, ಗೋಡೆ ಕಟ್ಟಲಿಕ್ಕೋ?” ಉಂಡಿ ಕಚ್ಚಲು ನೋಡಿ ಕಾತಾ ನಕ್ಕಳು. ಆಮೇಲೆ ಅದನ್ನು ಚಹಾದಲ್ಲಿ ಅದ್ದಿ ಚೀಪತೊಡಗಿದಳು. ಇಬ್ಬರೂ ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅವಳ ಇಂಗ್ಲಿಷಿನಲ್ಲಿ ಅವಳ ಊರಿತ್ತು, ಇವಳದರಲ್ಲಿ ವಿಜಯಪುರವಿತ್ತು. ಹಾಗಾಗಿ ಒಬ್ಬರಿಗೊಬ್ಬರ ಮುಂದೆ ಸಂಕೋಚವಿರಲಿಲ್ಲ.

ಗುರುದೇವಿ ಹೆಸರಿನ ಸುದ್ದಿ ಹೇಳಿದಳು. ಕೂಸನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಹಿರಿಯರ ಹೆಸರು ಹೇಳುವ ಬಗೆಯನ್ನೂ ವಿವರಿಸಿದಳು. ಕಾತಾ ಚೀಪುವುದನ್ನು ನಿಲ್ಲಿಸಿದಳು.

“ಒಂದು ಮಾತು ಕೇಳಬೇಕಾಗಿತ್ತು,” ಎಂದಳು ಗುರುದೇವಿ. “ಚಿಕ್ಕವರಿದ್ದಾಗ ಅವರನ್ನು ಅವರ ತಾಯಿ ಏನೆಂದು ಕರೆಯುತ್ತಿದ್ದರು?”

ಕಾತಾ ಕೈಯಲ್ಲಿದ್ದ ಚೂರನ್ನು ಚಹಾಕ್ಕೆ ಬಿಟ್ಟಳು. ಕಪ್ಪಿನಲ್ಲಿ ಅರ್ಧ ಕರಗಿದ ಉಂಡಿಯನ್ನು ನೋಡುತ್ತ ಕುಳಿತಳು. ಆಮೇಲೆ ತಲೆ ಎತ್ತಿ ಕೇಳಿದಳು.

“ಯಾರ ತಾಯಿ? ಆಂಟುನ್‌ನ ತಾಯಿಯೋ, ನನ್ನ ಗಂಡನ ತಾಯಿಯೋ?”

ವಯಸ್ಸಾಯಿತು, ಮಾತು ತಪ್ಪುತ್ತಿದೆ ಎಂದುಕೊಂಡಳು ಗುರುದೇವಿ. “ಇಬ್ಬರೂ ಒಂದೇ ಅಲ್ಲವೇ?”

“ಅಲ್ಲ. ಆಂಟುನ್ ಇಟಲಿಯ ಕ್ಯಾಂಪಿನಲ್ಲಿ ಜ್ವರ ಬಂದು ಸತ್ತ. ಹತ್ತೊಂಬತ್ತು ವರ್ಷದ ಹುಡುಗ. ನಾನು ಅಲ್ಲಿನ ಅಡುಗೆಮನೆಯಲ್ಲಿದ್ದೆ, ಅವನಿಗೆ ಗಂಜಿ ಕುಡಿಸುತ್ತಿದ್ದೆ. ಅವನ ಕಾಗದಗಳನ್ನು ಫಾದರ್ ಎತ್ತಿಟ್ಟುಕೊಂಡರು. ಸತ್ತವನಿಗೆ ಅವು ಬೇಕಿಲ್ಲ, ಬದುಕಿರುವವನಿಗೆ ಬೇಕು ಅಂದರು. ಸ್ವಲ್ಪ ದಿನಕ್ಕೆ ಚರ್ಚಿನ ಹಿಂಬಾಗಿಲಿನಿಂದ ಒಬ್ಬ ಬಂದ. ಪಾದ್ರಿಯ ನಿಲುವಂಗಿ ತೊಟ್ಟಿದ್ದ, ಕಾಲಲ್ಲಿ ಸೈನಿಕರ ಬೂಟು. ಮರುದಿನದಿಂದ ಅವನೇ ಆಂಟುನ್.”

“ಯಾಕೆ? ಅವರಿಗೆ ಸ್ವಂತ ಹೆಸರು ಇರಲಿಲ್ಲವೇ?”

“ಆ ಹೆಸರನ್ನು ಪೊಲೀಸರು ಹುಡುಕುತ್ತಿದ್ದರು.”

ಗುರುದೇವಿ ಕಪ್ಪನ್ನು ಕೆಳಗಿಟ್ಟಳು.

“ಯುದ್ಧದಲ್ಲಿ ನಮ್ಮ ಊರಿನ ಕಡೆ ನದಿಯ ದಂಡೆಗೆ ಒಂದು ಕ್ಯಾಂಪಿತ್ತು,” ಎಂದಳು ಕಾತಾ. “ನಮ್ಮ ಸರಕಾರದ ಸೈನಿಕರೇ ಸರ್ಬರನ್ನು, ಯಹೂದಿಗಳನ್ನು, ಜಿಪ್ಸಿಗಳನ್ನು ಹಿಡಿದು ತಂದು ಹಾಕುತ್ತಿದ್ದರು. ಹೊರಗೆ ಬಂದವರು ಕಡಿಮೆ. ಅಲ್ಲಿ ಬರೀ ಗೇಟು ಕಾಯುತ್ತಿದ್ದೆ ಅಂತ ನನ್ನ ಗಂಡ ಮದುವೆಯಾದ ಮೇಲೆ ಹೇಳಿದ. ಮಗ ಹುಟ್ಟಿದ ಮೇಲೆ, ಗೇಟು ಮಾತ್ರ ಅಲ್ಲ ಅಂತ ಹೇಳಿದ.”

“ಹೆಂಗಸರೂ ಇದ್ದರೇ?”

“ಹೆಂಗಸರು. ಮಕ್ಕಳು.”

“ಮಕ್ಕಳು?”

“ಮಕ್ಕಳು,” ಎಂದಳು ಕಾತಾ.

ಗೋಡೆಯ ಫೋಟೊದಲ್ಲಿ ಆ ಮನುಷ್ಯ ನಗುತ್ತಿದ್ದ. ಗುರುದೇವಿ ಕಣ್ಣು ಹೊರಳಿಸಿದಳು.

“ಫಾದರ್‌ಗೆ ಗೊತ್ತಿತ್ತೇ?”

“ಗೊತ್ತಿತ್ತು. ಅದೇ ಫಾದರ್ ನನಗೆ ರೊಟ್ಟಿ ಕೊಟ್ಟರು, ಶೂ ಕೊಟ್ಟರು. ನನ್ನಂಥ ಅನಾಥರು ಸಾವಿರ ಜನ ಇದ್ದರು, ಎಲ್ಲರನ್ನೂ ಹಡಗು ಹತ್ತಿಸಿದರು. ಆ ಸಾಲಿನಲ್ಲೇ ಇವನನ್ನೂ ನಿಲ್ಲಿಸಿದರು. ಅವರನ್ನು ಏನನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.” ಅವಳು ಎದೆಯ ಮೇಲೆ ಕೈಯಿಟ್ಟುಕೊಂಡಳು. “ನಾನು ದೂರದ ಬೇರೆ ಚರ್ಚಿಗೆ ಹೋಗಿ ಅಲ್ಲಿನ ಪಾದ್ರಿಯ ಮುಂದೆ ಹೇಳಿಕೊಂಡೆ. ದೇವರು ಕ್ಷಮಿಸಿದ್ದಾನೆ, ಇನ್ನು ಎತ್ತಬೇಡ ಅಂದರು. ಎತ್ತಲಿಲ್ಲ. ಗೋರಿಯ ಕಲ್ಲಿನ ಮೇಲೂ ಆ ಹೆಸರನ್ನೇ ಕೆತ್ತಿಸಿದೆ. ಆದರೆ ಹಸುಗೂಸಿನ ಕಿವಿಯಲ್ಲಿ ಹೇಳುತ್ತೀರಿ ಅಂದಿರಲ್ಲ, ಅದು ನನ್ನಿಂದ ಆಗುವುದಿಲ್ಲ. ಲೂಕಾನಿಗೆ ನೀವು ಹೇಳಿ. ಅವನ ಮುಖ ನೋಡಿ ಹೇಳುವ ಶಕ್ತಿ ನನಗಿಲ್ಲ.”

ಗುರುದೇವಿ ಹೇಗೆ ಮನೆ ಸೇರಿದಳೋ ಅವಳಿಗೇ ತಿಳಿಯದು. ಬಸ್ಸಿನಲ್ಲಿ ತನ್ನ ಸ್ಟಾಪು ದಾಟಿ ಹೋಗಿ, ಮತ್ತೆ ಹಿಂದಕ್ಕೆ ನಡೆದು ಬಂದಳು. ಒಲೆಯ ಮುಂದೆ ನಿಂತರೆ ಹಂಚಿನ ಮೇಲಿನ ರೊಟ್ಟಿ ಕರಕಾಯಿತು, ಅಲಾರಾಂ ಕಿರುಚಿತು. ಯಾರೋ ಏನೋ ಕೇಳಿದರು. “ಸಣ್ಣಾವರಿದ್ದಾಗಿನ ಹೆಸರು ಅವರಿಗೂ ನೆನಪಿಲ್ಲಂತ,” ಎಂದಳು.

ಗಂಡನಿಗೆ ಮಾತ್ರ ಹಿತ್ತಲಲ್ಲಿ ಕೂಸಿನ ಬಟ್ಟೆ ಒಣಹಾಕುವಾಗ ಹೇಳಿದಳು. ಬಸವಂತಪ್ಪನ ಕೈಯಲ್ಲಿದ್ದ ಕ್ಲಿಪ್ಪುಗಳು ಹುಲ್ಲಿಗೆ ಬಿದ್ದವು.

“ಮಕ್ಕಳನ್ನೂ?”

“ಹೂಂ ರೀ.”

ಅವನು ಮನೆಯ ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದ. “ಬಾಯಿ ಬಿಡಬ್ಯಾಡ. ಸತ್ತು ಮಣ್ಣಾದಾಂವ. ಆ ಹುಡುಗಗ ಅಪ್ಪ ಇದ್ದೂ ಇಲ್ಲ, ಅವ್ವ ಇದ್ದೂ ಇಲ್ಲ. ಇದ್ದ ಒಬ್ಬ ಅಜ್ಜನ್ನೂ ಕಸಗೊಂತಿಯೇನು? ಅಂಕಿ ಇನ್ನೂ ಹಸೀ ಬಾಣಂತಿ.”

“ಹಂಗಾರ ಆ ಹೆಸರ ಇಡೂಣೇನ್ರಿ? ನಿಮ್ಮ ಮೊಮ್ಮಗನ ಕಿವ್ಯಾಗ?”

ಅವನು ಕೆಳಗೆ ಬಗ್ಗಿದ. ಬಿದ್ದ ಕ್ಲಿಪ್ಪುಗಳನ್ನು ಒಂದೊಂದಾಗಿ ಆರಿಸತೊಡಗಿದ.

ವಾರ ಕಳೆಯಿತು. ಗುರುದೇವಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿದಳು, ಒಂದು ದಿನ ಹಾಕಲೇ ಇಲ್ಲ. ಲೂಕಾ ಸಂಜೆ ಬಂದು ಕೂಸನ್ನು ಎದೆಗೆ ಒರಗಿಸಿಕೊಂಡು “ಆಂಟುನ್, ಆಂಟುನ್” ಎಂದು ಹಾಡಿದರೆ ಅವಳು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಡುವಳು. ಇದನ್ನೆಲ್ಲ ಸೋಫಾದಿಂದ ಗಮನಿಸುತ್ತಿದ್ದ ಚನ್ನಬಸವ್ವ ಒಂದು ದಿನ ಬೆಳ್ಳುಳ್ಳಿ ಸುಲಿಯಲು ಬಂದು ಪಕ್ಕದಲ್ಲೇ ಕೂತಳು.

“ಏನ ಮುಚ್ಚಿಟ್ಟಿ ಹೇಳು. ನಾ ಏನ ಇವತ್ತಿನಾಕಿ?”

ಗುರುದೇವಿ ಹೇಳಿಬಿಟ್ಟಳು. ಅತ್ತೆ ಬಾಯಿ ಬಡಿದುಕೊಳ್ಳುತ್ತಾಳೆ, ಪರಜಾತಿಯಲ್ಲಿ ಕೊಟ್ಟಿದ್ದಕ್ಕೆ ಹೀಗಾಯಿತು ಎನ್ನುತ್ತಾಳೆ ಎಂದು ಅಂಜಿದ್ದಳು. ಚನ್ನಬಸವ್ವನ ಕೈಯಲ್ಲಿ ಬೆಳ್ಳುಳ್ಳಿ ಎಸಳು ಹಾಗೇ ಇತ್ತು.

“ಆ ಸತ್ತ ಹುಡುಗನ ಅವ್ವಗ ಯಾರರ ಹೇಳಿದ್ರೇನು?”

“ಏನಂತ?”

“ನಿನ ಮಗ ಸತ್ತಾನಂತ. ಇಂವ ಅವನ ಹೆಸರಲೆ ಹಡಗ ಹತ್ತಿದ ಮ್ಯಾಲ ಅಂವ ಸತ್ತಂಗ ಹೆಂಗಾತು? ಆಕಿ ಪಾಲಿಗೆ ಮಗ ಇಂಗ್ಲೆಂಡಿನ್ಯಾಗ ಬದಕ್ಯಾನ. ಆಕಿ ದಾರಿ ಕಾದಿರಬೇಕಲ್ಲ?”

ಗುರುದೇವಿಗೆ ಇದು ಹೊಳೆದಿರಲೇ ಇಲ್ಲ. ಅವಳು ಒಲೆ ಆರಿಸಿದಳು.

“ಇವತ್ತ ಹೇಳು ಅಂಕಿಗೆ, ಲೂಕಪ್ಪಗ,” ಎಂದಳು ಅತ್ತೆ. “ಊಟಾ ಆದ ಮ್ಯಾಲ ಹೇಳು. ಹೊಟ್ಟಿ ಹಸದಾಗ ಬ್ಯಾಡ.”

ಊಟವಾದ ಮೇಲೆ ಗುರುದೇವಿ ಹೇಳಿದಳು. ತನಗೆ ಬರುವ ಇಂಗ್ಲಿಷಿನಲ್ಲಿ, ಏನನ್ನೂ ಕೂಡಿಸದೆ, ಏನನ್ನೂ ಕಳೆಯದೆ. ಲೂಕಾ ಮೊದಲು ನಕ್ಕ.

“ಅಜ್ಜಿಗೆ ತಲೆ ಸರಿಯಿಲ್ಲ. ಹೋದ ತಿಂಗಳು ಕೆಟಲ್ ಫ್ರಿಜ್‌ನಲ್ಲಿಟ್ಟಿದ್ದಳು.”

“ಇರಬಹುದಪ್ಪ. ಆದರೆ ಇದನ್ನು ಹೇಳುವಾಗ ತಲೆ ಸರಿಯಿತ್ತು.”

“ನಿಮಗೆ ನಿಮ್ಮ ಮಾವನ ಹೆಸರು ಇಡಬೇಕು. ಅದಕ್ಕೇ ಇದೆಲ್ಲ!”

“ಲೂಕಾ!” ಅಂಕಿತಾ ಎದ್ದು ನಿಂತಳು. “ಡೋಂಟ್ ಯು ಡೇರ್. ಮಮ್ಮಿ ಯಾವತ್ತಾದ್ರೂ ಸುಳ್ಳು ಹೇಳಿದ್ದು ನೋಡಿದ್ಯಾ?”

ಅವನು ಜಾಕೆಟ್ ಎತ್ತಿಕೊಂಡ. ಬಾಗಿಲು ಬಡಿದ ಸದ್ದಿಗೆ ಕೂಸು ಬೆಚ್ಚಿ ಅಳತೊಡಗಿತು. ಅಂಕಿತಾ ಅದನ್ನು ಎತ್ತಿಕೊಂಡು ತಾಯಿಯ ಕಡೆ ತಿರುಗಿದಳು. ಅವಳ ತುಟಿ ಬಿಳಿಚಿದ್ದವು. “ಮಕ್ಕಳನ್ನ ಅಂದ್ಯಾ, ಮಮ್ಮಿ? ಚಿಕ್ಕ ಮಕ್ಕಳನ್ನ?”

ಲೂಕಾ ಎರಡು ದಿನ ಈ ಕಡೆ ಬರಲಿಲ್ಲ. ಬಂದಾಗ ಗಡ್ಡ ಬೆಳೆದಿತ್ತು. ಯಾರ ಮುಖವನ್ನೂ ನೋಡದೆ ಊಟದ ಮೇಜಿಗೆ ಕೂತ. ಗುರುದೇವಿ ತಟ್ಟೆ ಇಟ್ಟಳು, ಅವನು ಮುಟ್ಟಲಿಲ್ಲ.

“ಅಜ್ಜಿಯ ಹತ್ತಿರ ಇದ್ದೆ,” ಎಂದ. “ಎಲ್ಲ ನಿಜ. ಊರಿನ ಹೆಸರು, ಕ್ಯಾಂಪಿನ ಹೆಸರು ಎಲ್ಲ ಹೇಳಿದಳು. ನನ್ನ ಪಾಸ್‌ಪೋರ್ಟಿನ ಮೇಲೆ ಬಾಬಿಚ್ ಅಂತ ಇದೆ. ನಾವು ಬಾಬಿಚ್ ಅಲ್ಲ. ನಾನು ಯಾರು ಅಂತ ನನಗೇ ಗೊತ್ತಿಲ್ಲ.”

ಅಂಕಿತಾ ಅವನ ಬೆನ್ನ ಮೇಲೆ ಕೈಯಿಟ್ಟಳು. ಚನ್ನಬಸವ್ವ ಸೊಸೆಯನ್ನು ಮೊಣಕೈಯಿಂದ ತಿವಿದಳು. “ಆ ಸತ್ತ ಹುಡುಗನ ಅವ್ವನ ಸುದ್ದಿ ಕೇಳು.”

ಗುರುದೇವಿ ಕೇಳಿದಳು. ಲೂಕಾ ಆಗ ಮೊದಲ ಸಲ ತಲೆ ಎತ್ತಿದ.

“ಅದನ್ನೂ ಹೇಳಿದಳು. ಮಗನ ಹೆಸರು ಇಂಗ್ಲೆಂಡಿನ ಹಡಗಿನಲ್ಲಿತ್ತು ಅಂತ ಆ ತಾಯಿಗೆ ಹೇಗೋ ತಿಳಿಯಿತಂತೆ. ತನ್ನ ಊರಿನ ಪಾದ್ರಿಯ ಕಡೆಯಿಂದ ಇಲ್ಲಿನ ಪಾದ್ರಿಗೆ ಹೇಳಿಕಳಿಸುತ್ತಿದ್ದಳು, ಪ್ರತಿ ಕ್ರಿಸ್‌ಮಸ್‌ಗೆ. ಇಲ್ಲಿನ ಪಾದ್ರಿ ಪಾಪ, ಅವರಿಗೇನು ಗೊತ್ತು? ಮನೆಗೆ ಬಂದು, ‘ಆಂಟುನ್, ನಿನ್ನ ತಾಯಿಗೆ ಏನು ಹೇಳಲಿ’ ಅಂತ ಕೇಳುತ್ತಿದ್ದರು.”

“ಏನು ಹೇಳಿದರು?” ಅಂಕಿತಾ ಮೆಲ್ಲಗೆ ಕೇಳಿದಳು.

“‘ಚೆನ್ನಾಗಿದ್ದೇನೆ. ಕೆಲಸ ಬಹಳ. ಬರಲಿಕ್ಕೆ ಆಗುವುದಿಲ್ಲ.’ ಪ್ರತಿ ವರ್ಷ ಇಷ್ಟೇ. ಅವಳು ಸಾಯುವ ತನಕ.”

ಗುರುದೇವಿ ಅತ್ತೆಗೆ ಕನ್ನಡದಲ್ಲಿ ಹೇಳಿದಳು. ಚನ್ನಬಸವ್ವ ಹಣೆ ಹಣೆ ಚಚ್ಚಿಕೊಂಡಳು. “ಅಯ್ಯ ಶಿವನೇ! ಕೊಂದಾಂವಗಿಂತ ಕಡಿಯಾದ್ನಲ್ಲೋ! ಹಡದಾಕಿಗೆ ಮಗ ಮರತಾನ ಅಂತ ಅನಿಸಿ ಸಾಯಿಸಿದ್ನಲ್ಲೋ!” ಆಮೇಲೆ ಎದ್ದು, ತಡವರಿಸುತ್ತ ಬಂದು, ಲೂಕಾನ ತಟ್ಟೆಯಲ್ಲಿದ್ದ ರೊಟ್ಟಿ ಮುರಿದು ಅವನ ಬಾಯಿಗೆ ಹಿಡಿದಳು. “ಉಣ್ಣಪಾ. ನೀ ಏನ ಮಾಡೀದಿ? ಉಣ್ಣು.” ಅವನು ಕೂಸಿನ ಹಾಗೆ ಬಾಯಿ ತೆರೆದ.

ಹೆಸರು ನೋಂದಾಯಿಸಲು ಕೌನ್ಸಿಲ್ ಕೊಟ್ಟ ಗಡುವು ಹತ್ತಿರ ಬಂತು. ಲೂಕಾ ತಾನಾಗಿಯೇ ಹೇಳಿದ. “ಅಂಕಿತಾಳ ಅಜ್ಜನ ಹೆಸರನ್ನೇ ಇಡೋಣ. ನನ್ನದೇನೂ ಅಡ್ಡಿಯಿಲ್ಲ.”

ಎಲ್ಲರೂ ಚನ್ನಬಸವ್ವನನ್ನು ನೋಡಿದರು. ಅವಳು ತಲೆಯಾಡಿಸಿದಳು.

“ಬ್ಯಾಡ. ಅವನ ಮನಸ ಮುರದ ಬಿದ್ದೈತಿ. ಅದರ ಮ್ಯಾಲ ನಮ್ಮವರನ್ನ ತಂದು ಕುಂಡ್ರಸೂದು ಚಂದಲ್ಲ. ಯಾರದೂ ಅಲ್ಲದ್ದೊಂದು ಹೆಸರ ಹುಡುಕ್ರಿ.”

ಅಂಕಿತಾ ರೋಹನ ಎಂದಳು. ಮನೆತನದ ಹೆಸರಿನ ಜಾಗಕ್ಕೆ ಏನು ಬರೆಸುವುದು ಎಂದು ಕೇಳಿದಾಗ ಲೂಕಾ, “ನಿನ್ನದೇ ಇರಲಿ. ನನಗಂತೂ ಕೊಡಲಿಕ್ಕೆ ಏನೂ ಇಲ್ಲ,” ಎಂದ. ಹೀಗೆ ಕೂಸು ರೋಹನ ಬಿರಾದಾರ ಆಯಿತು. ಬಸವಂತಪ್ಪನಿಗೆ ಹಿಗ್ಗಬೇಕೋ ಬಾರದೋ ತಿಳಿಯದೆ, ಪಾತ್ರೆ ತೊಳೆಯಲು ಹೋದ. ತೊಟ್ಟಿಲ ದಿನ ನೆರೆಹೊರೆಯವರು ಬಂದು ಹೋಳಿಗೆ ಉಂಡು ಹೋದರು. ಕಾತಾ ಬರಲಿಲ್ಲ. ಲೂಕಾ ಕರೆದಿರಲಿಲ್ಲ.

ಆದರೆ ಲೂಕಾನ ಮನಸ್ಸು ಅಷ್ಟಕ್ಕೇ ನಿಂತಿರಲಿಲ್ಲ. ಒಂದು ದಿನ ಗುರುದೇವಿಯ ಅಡುಗೆಮನೆಯಲ್ಲಿ ಸಬ್ಬಸಗಿ ಸೋಸುತ್ತ ಹೇಳಿದ. “ಆ ಹುಡುಗ ಸತ್ತ ಅಂತ ಎಲ್ಲೂ ಯಾರೂ ಹೇಳಿಲ್ಲ, ಅಮ್ಮಾ. ನಮ್ಮ ಚರ್ಚಿನಲ್ಲಿ ಭಾನುವಾರ ಸತ್ತವರ ಹೆಸರು ಓದಿ ಪ್ರಾರ್ಥನೆ ಮಾಡುತ್ತಾರೆ. ಅವನ ಹೆಸರು ಓದಿಸುತ್ತೇನೆ. ಸತ್ತ ವರ್ಷವನ್ನೂ ಸೇರಿಸಿ.”

“ಅದೇ ಚರ್ಚಿನಲ್ಲಲ್ಲವೇ ನಿಮ್ಮ ಅಜ್ಜ ಬಾಗಿಲಲ್ಲಿ ನಿಂತು ಬಂದವರನ್ನು ಬರಮಾಡಿಕೊಳ್ಳುತ್ತಿದ್ದದ್ದು? ಎಲ್ಲರಿಗೂ ಗೊತ್ತಿರುವ ಹೆಸರು.”

“ಅದಕ್ಕೇ ಅಲ್ಲಿಯೇ ಓದಿಸಬೇಕು.”

“ಅಜ್ಜಿಯ ಗತಿ? ಅವರಿಗೆ ಆ ಚರ್ಚು ಬಿಟ್ಟರೆ ಇನ್ನೇನಿದೆ, ಲೂಕಾ?”

ಅವನು ಸೊಪ್ಪು ಕೆಳಗಿಟ್ಟು, ಅಲ್ಲೇ ಫೋನ್ ತೆಗೆದು ಕಾತಾಳಿಗೆ ಹೇಳಿದ. ಅವನ ಮಾತು ಮುಗಿಯುತ್ತಲೇ ಆ ಕಡೆಯಿಂದ ಫೋನ್ ಕಟ್ಟಾಯಿತು.

ಭಾನುವಾರ ಎಲ್ಲರೂ ಹೋದರು. ಚನ್ನಬಸವ್ವ ವಿಭೂತಿ ಹಚ್ಚಿಕೊಂಡು, ಇಳಕಲ್ ಸೀರೆಯ ಮೇಲೆ ಕೋಟು ತೊಟ್ಟು ಬಂದಿದ್ದಳು. “ಆ ಹುಡುಗಗ ಯಾರರ ಬೇಕಲ್ಲ,” ಎಂದಿದ್ದಳು. ಅವರು ಹಿಂದಿನ ಸಾಲಿನಲ್ಲಿ ಕೂತರು. ಕಾತಾ ಎಲ್ಲರಿಗಿಂತ ಮುಂದಿನ ಬೆಂಚಿನಲ್ಲಿದ್ದಳು, ಒಬ್ಬಳೇ. ಅವಳು ಹಿಂತಿರುಗಿ ನೋಡಲಿಲ್ಲ. ಲೂಕಾ ಬೆಂಚಿನ ಅಂಚು ಹಿಡಿದು ಕೂತಿದ್ದ. ಗುರುದೇವಿ ಅವನ ಕೈಯ ಮೇಲೆ ಕೈಯಿಟ್ಟಳು.

ನೈಜೀರಿಯಾದಿಂದ ಬಂದ ಯುವ ಪಾದ್ರಿ ಹೆಸರುಗಳನ್ನು ಓದಿದರು. ಕೊನೆಯದಕ್ಕೆ ಬಂದಾಗ ಒಮ್ಮೆ ಉಸಿರೆಳೆದುಕೊಂಡರು.

“ಇಟಲಿಯ ನಿರಾಶ್ರಿತರ ಕ್ಯಾಂಪಿನಲ್ಲಿ, ಸಾವಿರದ ಒಂಬೈನೂರ ನಲವತ್ತಾರರಲ್ಲಿ, ಹತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ ಆಂಟುನ್ ಬಾಬಿಚ್.”

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಬೋಳುತಲೆಯ ಒಬ್ಬ ಮುದುಕ ಎದ್ದು ನಿಂತ. ಕೋಪದಿಂದಲ್ಲ, ಒಳ್ಳೆಯ ಮನಸ್ಸಿನಿಂದಲೇ ತಿದ್ದಲು ಹೊರಟವನ ಹಾಗೆ ಹೇಳಿದ. “ಫಾದರ್, ತಪ್ಪಾಗಿದೆ. ಆಂಟುನ್ ತೀರಿಕೊಂಡದ್ದು ಇಲ್ಲೇ, ಮುದುಕನಾಗಿ. ಅವನ ಪೆಟ್ಟಿಗೆಗೆ ನಾನೇ ಹೆಗಲು ಕೊಟ್ಟಿದ್ದೇನೆ.”

ಪಾದ್ರಿ ಲೂಕಾನ ಕಡೆ ನೋಡಿದರು. ಲೂಕಾ ಅಜ್ಜಿಯ ಬೆನ್ನನ್ನು ನೋಡಿದ.

ಮುಂದಿನ ಬೆಂಚಿನಲ್ಲಿ ಕಾತಾ ಕೋಲೂರಿ ಎದ್ದಳು. ನಿಧಾನವಾಗಿ ಇಡೀ ಚರ್ಚಿನ ಕಡೆ ಮುಖ ತಿರುಗಿಸಿ ನಿಂತಳು.

“ಫಾದರ್ ಸರಿಯಾಗಿಯೇ ಓದಿದ್ದಾರೆ,” ಎಂದಳು. “ನೀವು ಹೆಗಲು ಕೊಟ್ಟದ್ದು ನನ್ನ ಗಂಡನಿಗೆ.”